ಏಳನೇ ಮನೆಯಾಕೆ ಮತ್ತು ಕೂರುವ ನೆಲ

ಶೈಲಾ, ಮಂಜು, ಪ್ರತಿ ವರ್ಷ ನೀರು ತುಂಬುವ ಹಬ್ಬದ ದಿನ ನಾನು ಹಿತ್ತಾಳೆ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಅಂಚಿನವರೆಗೆ ನೀರು ತುಂಬಿ, ಅದು ಯಾವ ಕಡೆ ಚೆಲ್ಲುತ್ತದೆಂದು ಕೂತು ನೋಡುತ್ತೇನಲ್ಲ, ಅದೇನಜ್ಜಿ ಎಂದು ನೀವು ಚಿಕ್ಕವರಿದ್ದಾಗ ಕೇಳಿದ್ದಿರಿ. ನಮ್ಮ ತವರುಮನೆಯ ಪದ್ಧತಿ ಎಂದು ಹೇಳಿದ್ದೆ. ಅದು ಸುಳ್ಳು. ನಮ್ಮ ತವರಿನಲ್ಲಿ ಹಾಗೆ ಯಾರೂ ಮಾಡುತ್ತಿರಲಿಲ್ಲ. ಅದನ್ನು ನಾನು ಒಬ್ಬಳಿಂದ ಕಲಿತೆ. ಕಲಿತೆ ಅನ್ನುವುದಕ್ಕಿಂತ ಕದ್ದೆ ಅನ್ನಬೇಕು.

ಹೋದ ವಾರ ಯಲಹಂಕದ ತರಕಾರಿ ಅಂಗಡಿಯ ಮುಂದೆ ಹಳೇ ಸಾಲುಮನೆಯ ಐದನೇ ಮನೆಯವಳು ಸಿಕ್ಕಿದ್ದಳು. ಮಾತಿನ ನಡುವೆ, ಏಳನೇ ಮನೆಯಾಕೆ ತೀರಿಕೊಂಡು ಆರು ತಿಂಗಳಾಯಿತು ಎಂದಳು. ನಾನು ಹೌದಾ ಅಂದು ಬದನೆಕಾಯಿ ಆರಿಸುತ್ತಾ ನಿಂತೆ. ಮನೆಗೆ ಬಂದ ಮೇಲೆ ತಟ್ಟೆ ತೆಗೆದು, ಹಬ್ಬ ಇನ್ನೂ ದೂರ ಇದ್ದರೂ, ಹುಣಿಸೇಹಣ್ಣು ಹಾಕಿ ಉಜ್ಜಿದೆ. ನನಗೆ ಓದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಬಾಯಿಬಿಟ್ಟು ಹೇಳಲು ಯಾವಾಗಲೂ ನಾಚಿಕೆ. ಬರೆದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಸಾಲುಮನೆ ಅಂದರೆ ನಿಮಗೆ ಗೊತ್ತಿಲ್ಲ. ಚಿಕ್ಕಬಾಣಾವರದ ಸ್ಟೇಷನ್ನಿನಿಂದ ಹೊಲದ ದಾರಿಯಲ್ಲಿ ಒಂದು ಗಳಿಗೆ ನಡೆದರೆ ಒಂದು ದಿಬ್ಬ, ಅದರ ಮೇಲೆ ಒಂದೇ ಗೋಡೆ ಹಂಚಿಕೊಂಡ ಹನ್ನೆರಡು ಹೆಂಚಿನ ಮನೆಗಳು. ಅಲ್ಲಿ ಹಿಂದೆ ಬಿಳಿ ಜೇಡಿಮಣ್ಣಿನ ಗಣಿ ಇತ್ತು. ಪಿಂಗಾಣಿ ಮಾಡುವ ಮಣ್ಣು. ನೆಲದ ಕೆಳಗೆ ಬಿಲದ ಹಾಗೆ ಸುರಂಗ ತೋಡಿ, ಮರದ ಕಂಬ ಕೊಟ್ಟು ಮಣ್ಣು ತೆಗೆಯುತ್ತಿದ್ದರಂತೆ. ನಾನು ಐವತ್ತರ ದಶಕದ ನಡುವೆ ಮದುವೆಯಾಗಿ ಬರುವ ಹೊತ್ತಿಗೆ ಗಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬಾವಿಯಂಥ ಬಾಯಿಗೆ ಚಪ್ಪಡಿ ಎಳೆದು ಸುತ್ತ ಮುಳ್ಳುತಂತಿ ಬಿಗಿದಿದ್ದರು. ಗಣಿಯಲ್ಲಿ ದುಡಿದವರು ಮಾತ್ರ ಸಾಲುಮನೆ ಬಿಟ್ಟಿರಲಿಲ್ಲ. ಕೆಳಗಿನ ಕಂಬಗಳು ಗೆದ್ದಲು ಹಿಡಿದು, ನೀರು ಕುಡಿದು ಮೆತ್ತಗಾಗುತ್ತಿದ್ದವು. ಮೇಲಿನ ನೆಲ ಯಾರಿಗೂ ಕಾಣದಷ್ಟು ನಿಧಾನವಾಗಿ ಇಳಿಯುತ್ತಿತ್ತು.

ಅದನ್ನು ಅಳೆಯುವ ಕೆಲಸ ನಿಮ್ಮ ತಾತನದು. ನೆಲ ಅಳೆಯುವವನು ಆ ನೆಲದ ಮೇಲೇ ಇರಲಿ ಎಂದು ಕಚೇರಿಯವರು ಖಾಲಿಯಿದ್ದ ಎಂಟನೇ ಮನೆಯನ್ನು ಅವರಿಗೆ ಕೊಟ್ಟಿದ್ದರು. ವರ್ಷಕ್ಕೆ ಎರಡು ಸಲ, ಯುಗಾದಿ ಕಳೆದ ಮೇಲೆ ಒಮ್ಮೆ, ಮಳೆಗಾಲ ಮುಗಿದು ದೀಪಾವಳಿ ಬರುವಾಗ ಒಮ್ಮೆ, ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿ ಲೆವೆಲ್ ನೋಡುತ್ತಿದ್ದರು. ಮಾರಮ್ಮನ ಗುಡಿ ಹಿಂದಿನ ಬಂಡೆಯ ಮೇಲೆ ಒಂದು ಗುರುತು ಕೊರೆದಿದ್ದರು. ಆ ಬಂಡೆ ಅಲ್ಲಾಡುವುದಿಲ್ಲ, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ನೋಡಬೇಕು. ಪ್ರತಿ ಮನೆಯ ಜಗಲಿ ಕಲ್ಲಿಗೂ ಒಂದು ಹಿತ್ತಾಳೆ ಮೊಳೆ ಹೊಡೆದಿದ್ದರು. ಆ ಮೊಳೆಯ ತಲೆಯ ಮೇಲೆ ಕೆಂಪು ಕಪ್ಪು ಗೆರೆಯ ಉದ್ದನೆಯ ಅಳತೆಕೋಲನ್ನು ನಿಲ್ಲಿಸಿದರೆ, ಇವರು ದೂರದಿಂದ ದುರ್ಬೀನಿನಲ್ಲಿ ಗೆರೆ ಓದಿ ಬರೆದುಕೊಳ್ಳುವರು. ಹೋದ ಸಲಕ್ಕೂ ಈ ಸಲಕ್ಕೂ ಒಂದು ಅಕ್ಕಿಕಾಳಿನಷ್ಟು ವ್ಯತ್ಯಾಸ ಬಂದರೆ ನೆಲ ಅಷ್ಟು ಇಳಿದಿದೆ ಎಂದು ಲೆಕ್ಕ.

ಆಕೆ ಏಳನೇ ಮನೆಯವಳು. ಗಂಡ ಮುಚ್ಚಿದ ಗಣಿಬಾಯಿಗೆ ಕಾವಲುಗಾರ. ಯಾವಾಗಲೂ ಕೆಮ್ಮುತ್ತಿದ್ದ, ಕೆಮ್ಮದಿದ್ದಾಗ ನಿದ್ದೆ ಮಾಡುತ್ತಿದ್ದ. ಮಕ್ಕಳಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳು, ಒಣಕಲು, ಎತ್ತರ, ಮುಂದಿನ ಹಲ್ಲು ಒಂದರ ಮೇಲೊಂದು. ಚೆಲುವೆ ಅಲ್ಲ, ಅದನ್ನು ನಾನು ಮೊದಲ ದಿನವೇ ಗಮನಿಸಿಕೊಂಡಿದ್ದೆ. ಆಕೆಯ ತಂದೆ ದೂರದ ಚಿನ್ನದ ಗಣಿಯಲ್ಲಿ ಲೆವೆಲ್ ನೋಡುವ ದೊರೆಗಳಿಗೆ ಕೋಲು ಹಿಡಿಯುತ್ತಿದ್ದವನು. ಚಿಕ್ಕಂದಿನಿಂದ ಅಪ್ಪನ ಹಿಂದೆ ತಿರುಗಿ ಆಕೆಗೆ ನೆಲದ ಸಂಗತಿ ತಿಳಿದಿತ್ತು. ಅಕ್ಷರ ಬಾರದು. ನನಗೆ ಬರುತ್ತಿತ್ತು. ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಆಕೆ ಮಾತಾಡುವಾಗ ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಾ ಇರುತ್ತಿದ್ದಳು, ಹಲಸಿನಹಣ್ಣು ಪಕ್ವವಾಗಿದೆಯೇ ಎಂದು ನೋಡುವವರ ಹಾಗೆ. ಬೆಂಕಿ ಕೇಳುವ ನೆಪದಲ್ಲಿ ಎಲ್ಲರ ಮನೆಗೂ ಬರುವಳು, ಬಂದವಳು ಬಾಗಿಲನ್ನು ಎರಡು ಸಲ ತೆಗೆದು ಹಾಕುವಳು. ಗೋಡೆ ಬಿರಿಯುವ ಮೊದಲು ಬಾಗಿಲು ಬಿಗಿಯಾಗುತ್ತದಂತೆ. ಐದನೇ ಮನೆಯವಳು ಒಮ್ಮೆ, ಹಾಗಾದರೆ ನೆಲ ಒಂದು ದಿನ ಧಡ್ ಅಂತ ಬೀಳುತ್ತದಾ ಎಂದು ಹೆದರಿ ಕೇಳಿದಾಗ ಆಕೆ ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ.

"ನೆಲ ಬೀಳಾಕಿಲ್ಲ ಕಣವ್ವ, ಕೂತ್ಕಂತದೆ. ಮುದುಕಿ ಸೊಂಟ ಇಡ್ಕಂಡು ಕೂತ್ಕಳ್ಳಾಕಿಲ್ವಾ, ಅಂಗೆ. ಕೂತ್ಕಳ್ಳಾವಾಗ ಅಡ್ಡ ಇರಬಾರ್ದು ಅಷ್ಟೇಯ."

ಎಲ್ಲರೂ ನಕ್ಕರು. ನಿಮ್ಮ ತಾತ ಆ ಮಾತನ್ನು ರಾತ್ರಿ ಊಟಕ್ಕೆ ಕೂತಾಗ ಇನ್ನೊಮ್ಮೆ ಹೇಳಿಕೊಂಡು ನಕ್ಕರು. ನಾನು ಮಾಡಿದ್ದ ಉಪ್ಸಾರಿನ ಬಗ್ಗೆ ಏನೂ ಹೇಳಲಿಲ್ಲ.

ಈಗ ಛತ್ರಿಯ ವಿಷಯ. ನಾನು ಬಂದ ಮೊದಲ ವರ್ಷ, ಯುಗಾದಿಯ ನಂತರದ ಅಳತೆ. ಬಿಸಿಲು ಚುರುಚುರು. ಇವರು ದುರ್ಬೀನಿಗೆ ಕಣ್ಣಿಟ್ಟು ಓದುವುದು, ಮತ್ತೆ ತಿರುಪು ತಿರುಗಿಸುವುದು, ಬೈದುಕೊಳ್ಳುವುದು ಮಾಡುತ್ತಿದ್ದರು. ಅದರಲ್ಲಿ ಒಂದು ಗಾಜಿನ ಕೊಳವೆ, ಅದರೊಳಗೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಯಂತ್ರ ಸಮವಾಗಿದೆ ಎಂದರ್ಥ. ಅದು ನಿಲ್ಲುತ್ತಿರಲಿಲ್ಲ. ಆಕೆ ಬಂದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಮ್ಮ ಮನೆಗೇ ನುಗ್ಗಿ, ಗೋಡೆಯ ಗೂಟಕ್ಕೆ ನೇತುಹಾಕಿದ್ದ ಛತ್ರಿ ತೆಗೆದುಕೊಂಡು ಹೋಗಿ ಯಂತ್ರದ ಮೇಲೆ ಹಿಡಿದಳು. ಬಿಸಿಲಿಗೆ ಗುಳ್ಳೆ ಓಡಾಡ್ತದೆ ಸ್ವಾಮಿ, ನಮ್ಮಪ್ಪನ ದೊರೆ ನೆರಳಿಲ್ದೆ ಕಣ್ಣೇ ಇಡ್ತಿರ್ಲಿಲ್ಲ ಎಂದಳು. ಗುಳ್ಳೆ ನಿಂತಿತು.

ಆ ಛತ್ರಿ ನನ್ನದು. ನನ್ನ ಮದುವೆಯಲ್ಲಿ ಅಪ್ಪ ಕೊಟ್ಟದ್ದು, ಬಿದಿರಿನ ಹಿಡಿ, ಹಿಡಿಯ ಮೇಲೆ ನನ್ನ ಹೆಸರಿನ ಮೊದಲಕ್ಷರ ಬರೆಸಿದ್ದರು. ಅವತ್ತಿನಿಂದ ವರ್ಷಕ್ಕೆ ಎರಡು ಸಲ, ಮೂರು ಮೂರು ದಿನ, ನನ್ನ ಛತ್ರಿಯ ಕೆಳಗೆ ನನ್ನ ಗಂಡ ಮತ್ತು ಆಕೆ. ನಾನು ಬಾಗಿಲ ಹಿಂದೆ. ಅವರು ಬಗ್ಗಿದರೆ ಛತ್ರಿ ಬಗ್ಗುವುದು, ಅವರು ಜರುಗಿದರೆ ಛತ್ರಿ ಜರುಗುವುದು. ಏನು ಮಾತಾಡುತ್ತಾರೆಂದು ಕಿವಿಗೊಟ್ಟು ಕೇಳಿದ್ದೇನೆ. ಬರೀ ನೆಲದ ಮಾತು. ನಾಲ್ಕನೇ ಮನೆಯ ಹಿಂಬಾಗಿಲು ಬಿಗಿಯಾಗಿದೆ, ಹಿತ್ತಿಲ ನುಗ್ಗೆಮರ ವಾಲಿದೆ, ಹೀಗೆ. ಬೇರೆ ಮಾತಾಗಿದ್ದರೆ ತವರಿಗೆ ಹೋಗಿ ಅಳಬಹುದಿತ್ತು. ನೆಲದ ಮಾತಾಡಿದರೆಂದು ಯಾರ ಹತ್ತಿರ ದೂರು ಹೇಳಲಿ? ನನ್ನ ಹತ್ತಿರ ಅವರು ಅಷ್ಟು ಮಾತಾಡಿದ್ದೇ ಇಲ್ಲ.

ಕೊಳಾಯಿ ಹತ್ತಿರ ಐದನೇ ಮನೆಯವಳು ಬಿಡಲಿಲ್ಲ. "ಏನವ್ವ, ನಿನ್ ಛತ್ರಿ ನೆಳ್ಳು ಪಕ್ಕದ್ಮನೆಗೇ ಜಾಸ್ತಿ ಬೀಳ್ತದಂತೆ?" ನಾನು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದೆ.

ನಿಮ್ಮ ಅಮ್ಮ ಹುಟ್ಟಿದ ಮೇಲೆ ನನ್ನ ಸಂಕಟ ಎರಡಾಯಿತು. ಮಗುವಿಗೆ ಆಕೆಯೆಂದರೆ ಪ್ರಾಣ. ಆಕೆ ನಿಂಬೆಹಣ್ಣು ಉರುಳಿಸುವಳು, ಮಗು ಅದರ ಹಿಂದೆ ಅಂಬೆಗಾಲಿಡುವುದು. ನಾನು ಉರುಳಿಸಿದರೆ ನೋಡಿ ಸುಮ್ಮನೆ ಕೂರುವುದು.

ಇಷ್ಟೆಲ್ಲ ಇದ್ದಾಗ ನನಗೂ ಒಂದು ಪಾಲು ಬೇಕು ಅನ್ನಿಸಿತು. ಒಂದು ಸಲ ಧೈರ್ಯ ಮಾಡಿ, ನಮ್ಮ ಮನೆ ಮುಂದೆ ಕೋಲು ನಾನೇ ಹಿಡಿಯುತ್ತೇನೆ ಎಂದೆ. ನಿಮ್ಮ ತಾತ ನಕ್ಕು ಆಗಲಿ ಎಂದರು. ಬೇರೆ ಮನೆಗಳಿಗೆ ಕಚೇರಿಯ ಆಳು ಕೋಲು ಹಿಡಿಯುತ್ತಿದ್ದ, ಎಂಟನೇ ಮನೆಗೆ ನಾನು. ಅಲ್ಲಿಂದ ನಮ್ಮ ಜಗಲಿ ಇಡೀ ಸಾಲಿಗೇ ಚೆಂದವಾಗಿರಬೇಕು ಎಂದು ಹಟ ಹತ್ತಿತು. ದುರ್ಬೀನಿನಲ್ಲಿ ಅವರು ನೋಡುವುದು ಅದನ್ನೇ ಅಲ್ಲವೇ? ಸೋಮವಾರ, ಶುಕ್ರವಾರ ತಪ್ಪದೆ ಸಗಣಿ, ಹಬ್ಬ ಬಂದರೆ ಅದರ ಮೇಲೆ ಕೆಮ್ಮಣ್ಣು ಗಟ್ಟಿಯಾಗಿ ಮೆತ್ತಿ, ಅಂಗೈಯಿಂದ ನುಣುಪು ಮಾಡಿ, ಸುಣ್ಣದ ಗೆರೆ ಎಳೆಯುವುದು. ಏಳನೇ ಮನೆಯಾಕೆ ತನ್ನ ಮೊಳೆಯ ಸುತ್ತ ಒಂದು ಅಂಗೈಯಗಲ ಕಲ್ಲು ಬರಿದಾಗಿ ಬಿಟ್ಟು, ಹುಣಿಸೇಹಣ್ಣಿನಲ್ಲಿ ಮೊಳೆ ಬೆಳಗುತ್ತಿದ್ದಳು. ಹಸೆ ಬರೆದು ನಡುವೆ ಉಗುಳಿದ ಹಾಗೆ ಕಾಣುತ್ತದೆ ಎಂದು ನಾನು ಮನಸ್ಸಿನಲ್ಲೇ ಹೀಗಳೆಯುತ್ತಿದ್ದೆ. ನಮ್ಮ ಮೊಳೆ ನಾನು ಕೋಲು ಹಿಡಿದ ಮೊದಲನೇ ವರ್ಷವೇ ಕೆಮ್ಮಣ್ಣಿನ ಕೆಳಗೆ ಹೋಗಿತ್ತು. ಅದಿದ್ದ ಜಾಗಕ್ಕೆ ಸರಿಯಾಗಿ ಒಂದು ಕುಂಕುಮದ ಬೊಟ್ಟಿಟ್ಟು, ಕೋಲನ್ನು ಆ ಬೊಟ್ಟಿನ ಮೇಲೆ ನಿಲ್ಲಿಸುತ್ತಿದ್ದೆ. ಜಾಗ ಅದೇ ತಾನೇ ಎಂದುಕೊಂಡಿದ್ದೆ. ನಿಮ್ಮ ತಾತ ದೂರದಿಂದ ಗೆರೆ ಓದುವರು, ತಮ್ಮ ಮನೆಯ ಜಗಲಿಯನ್ನು ಬಗ್ಗಿ ನೋಡುವ ಗಂಡಸು ಯಾರಿದ್ದಾರೆ?

ಓದಿದ್ದು ಪ್ರತಿ ಸಲವೂ ಅಷ್ಟೇ. ಏಳು ಇಳಿಯುತ್ತಿತ್ತು, ಆರು ಇಳಿಯುತ್ತಿತ್ತು, ಒಂಬತ್ತು, ಹತ್ತೂ ಇಳಿಯುತ್ತಿದ್ದವು. ಎಂಟು ಮಾತ್ರ ನಿಂತಲ್ಲೇ ನಿಂತಿತ್ತು. ನಿಮ್ಮ ತಾತ ಅದನ್ನು ಕಚೇರಿಯಲ್ಲಿ ಹೇಳಿ, ನಮ್ಮ ಮನೆ ಕೆಳಗೆ ಸುರಂಗವೇ ಇಲ್ಲ, ತೋಡದೆ ಗಟ್ಟಿ ಮಣ್ಣಿನ ಕಂಬವನ್ನೇ ಬಿಟ್ಟಿದ್ದಾರೆ ಎಂದು ನಕ್ಷೆಯಲ್ಲೂ ಬರೆಸಿದರು. ದೊಡ್ಡ ಸಾಹೇಬರು ಬೆನ್ನು ತಟ್ಟಿದರಂತೆ. ನನಗೆ ಎಷ್ಟು ಹಿಗ್ಗು ಗೊತ್ತೇ? ಆಕೆಯ ನೆಲ ಇಳಿಯುತ್ತಿದೆ, ನನ್ನದು ಇಳಿಯುತ್ತಿಲ್ಲ.

ಅರವತ್ತರ ಆಚೆಗೆ ಒಂದು ದೀಪಾವಳಿಯ ಮುಂದೆ ಕಚೇರಿಯವರು ತೀರ್ಮಾನ ಹೇಳಿದರು. ಈ ಸಲದ ಅಳತೆಯೇ ಕೊನೆಯದು. ಇಂತಿಷ್ಟಕ್ಕಿಂತ ಹೆಚ್ಚು ಇಳಿದ ಮನೆಗಳನ್ನು ಖಾಲಿ ಮಾಡಿಸಿ, ಯಲಹಂಕದ ಕಡೆ ಗಟ್ಟಿ ನೆಲದಲ್ಲಿ ಜಾಗ ಕೊಡುತ್ತಾರೆ. ಉಳಿದವರು ಇಲ್ಲೇ ಇರಬಹುದು. ಏಳನೇ ಮನೆ ಹೋಗುವವರ ಪಟ್ಟಿಯಲ್ಲಿ ಬರುವುದು ಖಂಡಿತ. ಆಕೆ ಹೋಗುತ್ತಾಳೆ, ನಾವು ಇರುತ್ತೇವೆ. ನಾನು ಅಂದು ಒಬ್ಬಟ್ಟು ಮಾಡಿದೆ, ಯಾವ ಹಬ್ಬವೂ ಇರಲಿಲ್ಲ.

ಆದರೆ ಆ ಮಳೆಗಾಲದಲ್ಲಿ ನಮ್ಮ ಅಡಿಗೆಮನೆ ಗೋಡೆ ಒಲೆಯ ಪಕ್ಕ ಬಿರಿದಿತ್ತು. ನಾನು ಮಣ್ಣು ಮೆತ್ತಿ ಸುಣ್ಣ ಬಳಿದಿದ್ದೆ. ಮತ್ತೆ ಬಿರಿಯಿತು, ಮತ್ತೆ ಬಳಿದೆ. ಆ ಗೋಡೆಗೇ ನಿಮ್ಮ ಅಮ್ಮನ ಹಾಸಿಗೆ, ಒಲೆಯ ಕಾವಿಗೆ. ನಾನು ಯಾರಿಗೂ ಹೇಳಲಿಲ್ಲ. ಗಟ್ಟಿ ನೆಲದ ಮನೆ ಬಿರಿಯುತ್ತದೆಂದು ಹೇಳುವುದು ಹೇಗೆ?

ನೀರು ತುಂಬುವ ಹಬ್ಬದ ಮಧ್ಯಾಹ್ನ, ನಿಮ್ಮ ತಾತ ದೊಡ್ಡ ಸಾಹೇಬರನ್ನು ಕಾಣಲು ಹೋಗಿದ್ದಾಗ, ಆಕೆ ನಿಂಬೆಹಣ್ಣು ಹಿಡಿದುಕೊಂಡು ಬಂದಳು. ಮಗುವಿಗಾಗಿ ಉರುಳಿಸಿದಳು. ಹಣ್ಣು ತಿರುಗಿ, ಅಡಿಗೆಮನೆ ಹೊಸ್ತಿಲು ಸುತ್ತಿ, ಒಲೆಯ ಪಕ್ಕದ ಗೋಡೆಗೆ ಹೋಗಿ ನಿಂತಿತು. ಎತ್ತಿ ತಂದು ಇನ್ನೊಂದು ಕಡೆಯಿಂದ ಉರುಳಿಸಿದಳು. ಅಲ್ಲಿಗೇ ಹೋಯಿತು. ಆಮೇಲೆ ನಮ್ಮ ಹಿತ್ತಾಳೆ ತಟ್ಟೆ ತೆಗೆದು ಹೊಸ್ತಿಲ ಮೇಲಿಟ್ಟು ನೀರು ತುಂಬಿದಳು. ತಮ್ಮ ಮನೆಯಲ್ಲಿ ಈ ಹಬ್ಬಕ್ಕೆ ಅಪ್ಪ ಹೀಗೆ ಮಾಡುತ್ತಿದ್ದ, ನೀರು ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂದಳು. ನೀರು ಒಳಗಡೆಗೆ, ಅಡಿಗೆಮನೆ ಮೂಲೆಗೆ ಚೆಲ್ಲಿತು.

ಜಗಲಿಗೆ ಬಂದು, ಮೊಳೆ ಎಲ್ಲಿ ಎಂದು ಕೇಳಿದಳು. ನಾನು ಬೊಟ್ಟು ತೋರಿಸಿದೆ. ಆಕೆ ಕುಕ್ಕರಗಾಲಿನಲ್ಲಿ ಕೂತು, ಹೆಬ್ಬೆರಳ ಉಗುರಿನಿಂದ ಜಗಲಿಯ ಅಂಚು ಕೆರೆದಳು. ಕೆಮ್ಮಣ್ಣು, ಸಗಣಿ, ಮತ್ತೆ ಕೆಮ್ಮಣ್ಣು, ಪದರದ ಮೇಲೆ ಪದರ. ಎರಡು ಬೆರಳಗಲ ಇತ್ತು.

"ಅಯ್ಯೋ ನನ್ನವ್ವ," ಎಂದಳು ಮೆಲ್ಲಗೆ. "ನೆಲ ಕೂತಷ್ಟೂ ನೀನು ಮೇಲೆ ಮೆತ್ತೀಯ."

ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಮೈಯೆಲ್ಲ ಉರಿಯಿತು. ನಾನು ಜನ್ಮದಲ್ಲಿ ಯಾರಿಗೂ ಗಟ್ಟಿಯಾಗಿ ಮಾತಾಡಿದವಳಲ್ಲ, ಅಂದು ಮಾತಾಡಿದೆ. "ನಿಮ್ಮನೆ ಓಗ್ತದೆ ಅಂತ ನಮ್ಮನೇನೂ ಓಗ್ಬೇಕಾ? ಛತ್ರಿ ಆಯ್ತು, ಮಗು ಆಯ್ತು, ಈಗ ಮನೇನೂ ಬೇಕಾ ನಿಮ್ಗೆ? ನಿಮಗೊಂದು ಮಗು ಇದ್ದಿದ್ರೆ ಇನ್ನೊಬ್ರ ಹೊಸ್ಲಿಗೆ ಬಂದು ಇಂಗೆ ಅಪಶಕುನ ಆಡ್ತಿರ್ಲಿಲ್ಲ."

ಆಕೆ ಉಗುರಿನೊಳಗಿನ ಕೆಮ್ಮಣ್ಣು ತೆಗೆದುಕೊಳ್ಳುತ್ತಾ ಹೇಳಿದಳು. "ಮಗು ಇಲ್ದಿದ್ರೂ ಗೋಡೆ ತಿಳೀತದೆ ಕಣವ್ವ. ಯಜಮಾನ್ರಿಗೆ ನಾನು ಯೋಳಾಕಿಲ್ಲ. ಅದು ನಿನ್ ಮನೆ, ನಿನ್ ಗಂಡ. ನಾಳೆ ಕೋಲು ಇಡೋ ಮುಂಚೆ ನೀನೇ ಕೆರೆದ್ಬಿಡು." ನಿಂಬೆಹಣ್ಣನ್ನು ಮಗುವಿನ ಕೈಗೆ ಕೊಟ್ಟು ಹೋದಳು.

ನಾನು ತಟ್ಟೆಯ ನೀರು ಚೆಲ್ಲಿ ಮತ್ತೆ ತುಂಬಿದೆ. ತಟ್ಟೆ ತಿರುಗಿಸಿಟ್ಟು ತುಂಬಿದೆ. ಹಿಂದು ಮುಂದು ಮಾಡಿ ತುಂಬಿದೆ. ಏಳೆಂಟು ಸಲ ಮಾಡಿರಬೇಕು. ಪ್ರತಿ ಸಲವೂ ನೀರು ಮಗುವಿನ ಹಾಸಿಗೆಯ ಕಡೆಗೇ ಹೋಯಿತು. ಕೆರೆದರೆ ಮಗು ಉಳಿಯುತ್ತದೆ, ಆದರೆ ಇಷ್ಟು ವರ್ಷ ನನ್ನ ಗಂಡ ಬರೆದದ್ದೆಲ್ಲ ನನ್ನಿಂದ ತಪ್ಪಾಗಿತ್ತು, ಆಕೆ ಹೇಳಿದ್ದೇ ಸರಿ ಎಂದು ಅವರ ಕಣ್ಣಮುಂದೆ ಒಪ್ಪಬೇಕು. ಕೆರೆಯದಿದ್ದರೆ ಆಕೆ ಮಾತ್ರ ಊರು ಬಿಡುತ್ತಾಳೆ, ಛತ್ರಿ ನನಗೆ ವಾಪಸ್ಸು ಬರುತ್ತದೆ. ಮಕ್ಕಳೇ, ನಿಮ್ಮ ಅಜ್ಜಿ ಇಂಥ ವಿಷಯದಲ್ಲಿ ಒಂದು ಗಳಿಗೆಯೂ ಯೋಚಿಸಲಿಲ್ಲ ಎಂದು ಬರೆಯಬಹುದಿತ್ತು. ಮರುದಿನ ಕೋಳಿ ಕೂಗುವವರೆಗೂ ಯೋಚಿಸಿದೆ.

ಬೆಳಗಾಗುತ್ತಲೇ ದೋಸೆ ಮಗುಚುವ ಕಬ್ಬಿಣದ ಕೈ ತೆಗೆದುಕೊಂಡು ಜಗಲಿ ಕೆರೆದೆ. ಗಟ್ಟಿಯಾಗಿತ್ತು, ತೆಂಗಿನ ಚಿಪ್ಪಿನ ಹಾಗೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಬಂತು. ತಳದಲ್ಲಿ ಹಸಿರುಗಟ್ಟಿದ ಮೊಳೆ.

ಹಬ್ಬದ ದಿನವಾದರೂ ಹತ್ತು ಗಂಟೆಗೆ ದೊಡ್ಡ ಸಾಹೇಬರು, ಇಬ್ಬರು ಗುಮಾಸ್ತರು ಬಂದು ಯಂತ್ರದ ಪಕ್ಕ ನಿಂತರು. ಏಳನೇ ಮನೆ ಓದಿದ್ದಾಯಿತು. ನಾನು ಕೋಲು ಹಿಡಿದು ಮೊಳೆಯ ಮೇಲೆ ನಿಲ್ಲಿಸಿದೆ. ನಿಮ್ಮ ತಾತ ಕಣ್ಣಿಟ್ಟರು. ತಲೆ ಎತ್ತಿ ನನ್ನನ್ನು ನೋಡಿದರು. ಕೆರೆದ ಜಗಲಿ ನೋಡಿದರು. ಮತ್ತೆ ಕಣ್ಣಿಟ್ಟರು. ಅವರ ಮುಖದ ಬಣ್ಣ ಹೋದದ್ದು ಅಷ್ಟು ದೂರದಿಂದಲೂ ನನಗೆ ಕಂಡಿತು. ಆಗ ಆಕೆ ಛತ್ರಿಯನ್ನು ಸ್ವಲ್ಪ ವಾಲಿಸಿದಳು, ಬಿಸಿಲು ಆ ಕಡೆಯಿಂದ ಬರುತ್ತಿದೆ ಎನ್ನುವ ಹಾಗೆ. ಸಾಹೇಬರಿಗೆ ನಿಮ್ಮ ತಾತನ ಮುಖ ಕಾಣಲಿಲ್ಲ. ಅವರು ಸುಧಾರಿಸಿಕೊಳ್ಳುವವರೆಗೂ ಛತ್ರಿ ಹಾಗೇ ಇತ್ತು.

ಬಿಸಿಲು ಆ ಕಡೆಯಿಂದ ಬರುತ್ತಿರಲಿಲ್ಲ. ಆಕೆ ನನ್ನ ಮಗುವನ್ನು ಉಳಿಸಿದವಳು, ನನ್ನ ಗಂಡನ ಮಾನ ಮುಚ್ಚಿದವಳು, ಎಲ್ಲವೂ ನನಗೆ ಗೊತ್ತಿತ್ತು. ಆದರೂ ಕೋಲು ಹಿಡಿದು ನಿಂತ ನನಗೆ ಬಂದ ಯೋಚನೆ ಒಂದೇ. ಅವರ ಮುಖವನ್ನು ಯಾವಾಗ ಮರೆ ಮಾಡಬೇಕೆಂದು ನನಗಿಂತ ಆಕೆಗೆ ಚೆನ್ನಾಗಿ ಗೊತ್ತು.

ಊಟಕ್ಕೆ ಕೂತಾಗ ನಿಮ್ಮ ತಾತ ಒಂದೇ ಪ್ರಶ್ನೆ ಕೇಳಿದರು, ಇಷ್ಟು ವರ್ಷ ಕೋಲು ಎಲ್ಲಿಡುತ್ತಿದ್ದೆ ಎಂದು. ಹೇಳಿದೆ. ಬಯ್ಯಲಿಲ್ಲ. ಎಂಟನೇ ಮನೆಯ ಹಳೆಯ ಅಳತೆಗಳು ನನ್ನ ಅಜಾಗರೂಕತೆಯಿಂದ ತಪ್ಪಾಗಿವೆ ಎಂದು ತಾವೇ ಕಚೇರಿಗೆ ಬರೆದುಕೊಟ್ಟರು. ಆ ಕಾಗದದಲ್ಲಿ 'ನನ್ನ' ಎಂದರೆ ಅವರದು. ಬರಬೇಕಾಗಿದ್ದ ಬಡ್ತಿ ತಪ್ಪಿತು. ಯಾಕೆ ತಪ್ಪಿತೆಂದು ನಿಮ್ಮ ಅಮ್ಮನಿಗೂ ಗೊತ್ತಿಲ್ಲ.

ಎಂಟನೇ ಮನೆಯೂ ಪಟ್ಟಿಗೆ ಸೇರಿ, ನಾವೆಲ್ಲ ಖಾಲಿ ಮಾಡಿದೆವು. ನಮಗೆ ಯಲಹಂಕದಲ್ಲಿ, ನೀವು ಆಡಿ ಬೆಳೆದ ಈ ಮನೆಯ ಜಾಗ ಸಿಕ್ಕಿತು. ಆಕೆಯ ಗಂಡನ ಕೆಮ್ಮಿಗೆ ಆಸ್ಪತ್ರೆ ಹತ್ತಿರವಿರಬೇಕೆಂದು ಅವರು ಯಶವಂತಪುರದ ಕಡೆ ಹೋದರು. ಎರಡು ಮಳೆಗಾಲ ಕಳೆದ ಮೇಲೆ ಸುದ್ದಿ ಬಂತು. ಎಂಟನೇ ಮನೆಯ ಅಡಿಗೆಮನೆ ಕೂತುಬಿಟ್ಟಿತ್ತು. ನಿಮ್ಮ ತಾತ ಹೋಗಿ ನೋಡಿ ಬಂದರು. ಒಲೆ ಇದ್ದಲ್ಲಿ ಹೊಂಡ, ಹೊಂಡದಲ್ಲಿ ನೀರು, ನೀರಿನಲ್ಲಿ ಕಪ್ಪೆ ಎಂದರು. ಮಗುವಿನ ಹಾಸಿಗೆಯ ಜಾಗ ಏನಾಗಿತ್ತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅದಾದ ಮೇಲೆ ಆಕೆ ನನಗೆ ಒಂದೇ ಸಲ ಸಿಕ್ಕಳು, ಯಲಹಂಕದ ಬಸ್ ನಿಲ್ದಾಣದಲ್ಲಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗಂಡ ತೀರಿಹೋಗಿದ್ದ. ಹೆಬ್ಬೆರಳಿನಿಂದ ನೆಲ ಒತ್ತುತ್ತಾ ಕೇಳಿದಳು, "ಮನೆ ಗಟ್ಟಿ ಐತಾ ಕಣವ್ವ?" ಗಟ್ಟಿ ಇದೆ ಎಂದೆ. "ಮಗು?" ಚೆನ್ನಾಗಿದೆ, ಇಸ್ಕೂಲಿಗೆ ಹೋಗ್ತಾಳೆ ಎಂದೆ. ಸಂತೋಷವಾಗಿ ನಕ್ಕಳು. ಇನ್ನೊಂದು ಬಸ್ಸಿಗೆ ಅರ್ಧ ಗಂಟೆ ಇತ್ತು. ನಮ್ಮ ಮನೆ ಹತ್ತು ಹೆಜ್ಜೆ. ಒಂದು ಲೋಟ ಕಾಫಿಗೆ ಬಾ ಎನ್ನಲಿಲ್ಲ. ಆ ದಿನ ಭಾನುವಾರ, ನಿಮ್ಮ ತಾತ ಮನೆಯಲ್ಲಿದ್ದರು.

ನಾನು ಇಷ್ಟು ಹೊತ್ತು ಏಳನೇ ಮನೆಯಾಕೆ ಎಂದೇ ಬರೆದೆ. ಹೆಸರು ಮುಚ್ಚಿಡಬೇಕೆಂದಲ್ಲ, ನನಗೆ ಗೊತ್ತಿಲ್ಲ. ಸಾಲುಮನೆಯಲ್ಲಿ ಯಾರೂ ಯಾರ ಹೆಸರನ್ನೂ ಹಿಡಿದು ಕರೆಯುತ್ತಿರಲಿಲ್ಲ. ನಿಮ್ಮ ತಾತನಿಗೆ ಗೊತ್ತಿತ್ತು, ಕಚೇರಿಯ ಪುಸ್ತಕದಲ್ಲಿ ಅವರೇ ಬರೆದುಕೊಂಡಿದ್ದರು. ಅವರಿದ್ದ ಇಷ್ಟು ವರ್ಷಗಳಲ್ಲಿ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ಆ ಹೆಸರನ್ನು ಅವರ ಬಾಯಿಂದ ಕೇಳುವುದು ನನಗೆ ಬೇಡವಾಗಿತ್ತು. ಈಗ ಕೇಳೋಣವೆಂದರೆ ಅವರೂ ಇಲ್ಲ, ಆಕೆಯೂ ಇಲ್ಲ.

ಶೈಲಾ, ಈ ಹಾಳೆಗಳನ್ನು ಮಡಿಸಿ ಹಿತ್ತಾಳೆ ತಟ್ಟೆಯ ಕೆಳಗೆ ಇಟ್ಟಿರುತ್ತೇನೆ. ಮಂಜು, ಮನೆ ಬದಲಾಯಿಸಿದರೆ ತಟ್ಟೆಯ ಜೊತೆ ಇವನ್ನೂ ಒಯ್ಯಿ, ಗೆದ್ದಲು ಹತ್ತದ ಕಡೆ ಇಡು. ನೀರು ತುಂಬುವ ಹಬ್ಬದ ದಿನ ತಟ್ಟೆ ಇಟ್ಟಾಗ, ಇದು ಯಾರ ಮನೆ ಪದ್ಧತಿ ಎಂದು ನಿಮ್ಮ ಮಕ್ಕಳು ಕೇಳಿದರೆ ನನ್ನ ತವರಿನದು ಎನ್ನಬೇಡಿ. ಏಳನೇ ಮನೆಯದು ಎನ್ನಿ.